ಆಡದ ಪಂದ್ಯದ ಕೂಲಿ

2025ರ ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ ಒಂದು ಪ್ರಕಟಣೆ ಹೊರಡಿಸಿತು. ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಆ ಸಂಜೆ ನಮ್ಮ ಮೊಹಲ್ಲಾದ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಹುಡುಗರು ಕ್ಲಬ್ಬಿನ ಮಾಲೀಕರನ್ನು ಬೈಯುತ್ತಿದ್ದರು. ಮೂಲೆಯಲ್ಲಿ ಬೀಡಿ ಸೇದುತ್ತ ಕೂತಿದ್ದ ಗಾರೆ ಮೇಸ್ತ್ರಿಯೊಬ್ಬರು ಮಾತ್ರ, "ಆಟವೇ ಇಲ್ಲ ಅಂದ ಮೇಲೆ ಸಂಬಳ ಯಾತರದ್ದು? ಮಳೆ ಹಿಡಿದು ಕೆಲಸ ನಿಂತ ದಿನ ನನಗೆ ಯಾವ ಮಗ ಕೂಲಿ ಕೊಡುತ್ತಾನೆ?" ಎಂದರು. ಹುಡುಗರು ಬಾಯಿ ಮುಚ್ಚಿದರು. ನಾವೂ ಮುಚ್ಚಿದೆವು. ಕತೆ ಬರೆಯುವವರಿಗೆ ಮಾತು ಬೇಗ ಹೊಳೆಯುತ್ತದೆ ಎಂದು ಜನ ತಿಳಿದಿರುತ್ತಾರೆ, ಅದು ಸುಳ್ಳು. ಅಂದು ಮೇಸ್ತ್ರಿಗೆ ಕೊಡಲಾಗದ ಉತ್ತರವನ್ನು ಈಗ ಇಲ್ಲಿ ಹುಡುಕುತ್ತಿದ್ದೇವೆ.

ಮೊದಲು ನಡೆದದ್ದೇನೆಂದು ನೋಡೋಣ. ಇಂಡಿಯನ್ ಸೂಪರ್ ಲೀಗ್ ಶುರುವಾದದ್ದು 2014ರಲ್ಲಿ. ಅದನ್ನು ನಡೆಸುವ ವಾಣಿಜ್ಯ ಹಕ್ಕು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2010ರಲ್ಲಿ ಮಾಡಿಕೊಂಡ ಹದಿನೈದು ವರ್ಷಗಳ ಕರಾರಿನ ಮೇಲೆ ನಿಂತಿತ್ತು. ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಫೆಡರೇಶನ್ನಿನ ಸಂವಿಧಾನದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಹೊಸ ಕರಾರಿನ ಮಾತುಕತೆ ಮುಂದೆ ಸಾಗಲಿಲ್ಲ. ಲೀಗ್ ನಡೆಸುವ ಕಂಪನಿ ಜುಲೈ 11ರಂದು, ಈ ಸಾಲಿನ ಪಂದ್ಯಾವಳಿಯನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂದು ಕ್ಲಬ್‌ಗಳಿಗೆ ಬರೆಯಿತು. ಬೆಂಗಳೂರಿನಂತೆ ಚೆನ್ನೈ, ಒಡಿಶಾ ಕ್ಲಬ್‌ಗಳೂ ಕೈಯೆತ್ತಿದವು. ಕೊನೆಗೆ ಹಕ್ಕಿಗಾಗಿ ಟೆಂಡರ್ ಕರೆದರೆ ನವೆಂಬರ್ 7ರ ಗಡುವಿನೊಳಗೆ ಒಬ್ಬರೂ ಬಿಡ್ ಹಾಕಲಿಲ್ಲ. ಹನ್ನೊಂದು ವರ್ಷ ಜಗಮಗಿಸಿದ ಅಂಗಡಿಯನ್ನು ಹರಾಜಿಗಿಟ್ಟಾಗ ಹಳೆಯ ಗಿರಾಕಿಯೂ ಬರಲಿಲ್ಲ ಎಂದಂತಾಯಿತು.

ಇದರಲ್ಲಿ ಆಟಗಾರನ ತಪ್ಪೇನು? ಅದೇ ವರ್ಷದ ಏಪ್ರಿಲ್‌ನಲ್ಲಿ ಕೋಲ್ಕತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರಿನ ಹುಡುಗರು ಫೈನಲ್ ಆಡಿದ್ದರು; ಹೆಚ್ಚುವರಿ ಸಮಯದವರೆಗೂ ಕಾದಾಡಿ ಮೋಹನ್ ಬಗಾನಿಗೆ 2-1ರಿಂದ ಸೋತಿದ್ದರು. ಅದಾಗಿ ನಾಲ್ಕು ತಿಂಗಳಿಗೆ ಸಂಬಳವಿಲ್ಲ.

ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಮಾತನ್ನು ನಮ್ಮಲ್ಲಿ ಮಕ್ತಬಿಗೆ ಹೋಗುವ ಹುಡುಗನೂ ಬಲ್ಲ. ಆದರೆ ಇಲ್ಲಿ ಬೆವರನ್ನು ಹರಿಯಲೇ ಬಿಟ್ಟಿಲ್ಲವಲ್ಲ? ಮೇಸ್ತ್ರಿಯ ಪ್ರಶ್ನೆಯ ಮೊನೆ ಇರುವುದು ಇಲ್ಲೇ. ನಮಗನಿಸುವುದಿಷ್ಟು: ಮಳೆಯ ದಿನ ಕೆಲಸ ನಿಂತರೆ ಮೇಸ್ತ್ರಿ ಇನ್ನೊಂದು ಕಡೆ ಒಳಗಿನ ಗಿಲಾವು ಕೆಲಸ ಹುಡುಕಬಹುದು. ಅವರ ಕರಣೆ ಅವರ ಕೈಯಲ್ಲಿದೆ. ಆಟಗಾರನ ಹೆಸರು ಕ್ಲಬ್ಬಿನ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಕರಾರು ಮುರಿಯದೆ ಅವನು ಇನ್ನೊಂದು ತಂಡಕ್ಕೆ ಆಡುವಂತಿಲ್ಲ. ದಿನವೂ ಓಡಬೇಕು, ಊಟ ಅಳೆದು ಉಣ್ಣಬೇಕು, ಮೊಣಕಾಲನ್ನು ಮಗುವಿನಂತೆ ಕಾಪಾಡಬೇಕು. ಅವನಿಂದ ಕ್ಲಬ್ ಕೊಂಡದ್ದು ಬರೀ ತೊಂಬತ್ತು ನಿಮಿಷಗಳನ್ನಲ್ಲ, ಯಾವಾಗ ಕರೆದರೂ ಸಿದ್ಧವಾಗಿರುವ ಒಂದು ದೇಹವನ್ನು. ಕಳ್ಳ ಬಾರದ ರಾತ್ರಿಗೂ ಕಾವಲುಗಾರನಿಗೆ ಸಂಬಳ ಕೊಡುತ್ತೇವೆ. ಕಳ್ಳ ಬರಲಿಲ್ಲ, ಅರ್ಧ ಹಿಡಿದುಕೊಳ್ಳುತ್ತೇನೆ ಎಂದು ಯಾವ ಸೇಠ್ ಕೂಡ ಹೇಳಿದ್ದನ್ನು ನಾವು ಕೇಳಿಲ್ಲ. ಇನ್ನು ಮಳೆಯ ದಿನ ಮೇಸ್ತ್ರಿಗೆ ಕೂಲಿ ಸಿಗದಿರುವುದು ನ್ಯಾಯ ಎಂದು ನಾವು ಒಪ್ಪಿಲ್ಲ. ಒಬ್ಬನಿಗಾದ ಅನ್ಯಾಯವನ್ನು ಅಳತೆಗೋಲು ಮಾಡಿಕೊಂಡರೆ ಮಿಕ್ಕವರೆಲ್ಲ ಅದೃಷ್ಟವಂತರಾಗಿಯೇ ಕಾಣುತ್ತಾರೆ.

ಇಷ್ಟು ಹೇಳಿ ಎದ್ದು ಹೋಗುವುದು ಸುಲಭ. ಆದರೆ ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ಟಿವಿಯ ಹಣವಿಲ್ಲ, ಪ್ರಾಯೋಜಕರಿಲ್ಲ, ಪಂದ್ಯಗಳ ಪಟ್ಟಿಯೇ ಇಲ್ಲ. ಸಂಬಳ ಮಾತ್ರ ತಿಂಗಳು ತಿಂಗಳು ಹೋಗುತ್ತಿರಬೇಕು. ನಷ್ಟದ ಬಾವಿಗೆ ಎಷ್ಟು ದಿನ ಕೊಡದಲ್ಲಿ ನೀರು ಸುರಿಯುವುದು? ಹೈದರಾಬಾದ್ ಎಫ್‌ಸಿ 2022ರಲ್ಲಿ ಇದೇ ಲೀಗಿನ ಚಾಂಪಿಯನ್. ಎರಡು ವರ್ಷ ತುಂಬುವುದರೊಳಗೆ ಸಂಬಳದ ಬಾಕಿ ಏರಿ, ವಿದೇಶಿ ಆಟಗಾರರು ಗಂಟುಮೂಟೆ ಕಟ್ಟಿ, ಎಳೆಯ ಹುಡುಗರನ್ನು ಇಳಿಸಿ ಪಂದ್ಯ ಮುಗಿಸುವ ಸ್ಥಿತಿಗೆ ಬಂತು. 2025ರಲ್ಲಿ ಆ ತಂಡ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಇಂಗ್ಲೆಂಡಿನಲ್ಲಿ ಬರಿ ಎಂಬ ಊರಿನ ಕ್ಲಬ್ 1885ರಲ್ಲಿ ಹುಟ್ಟಿದ್ದು. ಸಾಲದಲ್ಲಿ ಮುಳುಗಿ 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರದೂಡಿಸಿಕೊಂಡಿತು. ಕ್ಲಬ್ ಮುಚ್ಚಿದ ದಿನ ನಾಯಕನಿಗೂ ಸಂಬಳವಿಲ್ಲ, ಹುಲ್ಲು ಕತ್ತರಿಸುವವನಿಗೂ ಇಲ್ಲ. ಆದ್ದರಿಂದ 'ಸಂಬಳ ಮುಟ್ಟಬೇಡಿ' ಎಂಬ ಘೋಷಣೆ ಒಂದರಿಂದಲೇ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಹಾಗಾದರೆ ಮೊದಲೇ ಒಂದು ಮಿತಿ ಹಾಕಿಬಿಟ್ಟರೆ? ಈ ಯೋಚನೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1901ರಲ್ಲಿಯೇ ಆಟಗಾರನ ಗರಿಷ್ಠ ಸಂಬಳ ವಾರಕ್ಕೆ 4 ಪೌಂಡ್ ಎಂದು ಗೊತ್ತುಮಾಡಿದರು. ದೊಡ್ಡ ಊರಿನ ಕ್ಲಬ್‌ಗಳು ಸಣ್ಣ ಊರಿನ ಒಳ್ಳೆಯ ಆಟಗಾರರನ್ನೆಲ್ಲ ಹಣದಾಸೆ ತೋರಿಸಿ ಸೆಳೆಯಬಾರದು, ಎಲ್ಲ ತಂಡಗಳೂ ಬದುಕಬೇಕು ಎಂಬುದು ಕಾರಣ. ಕೇಳಲು ಎಷ್ಟು ಚೆಂದ! ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನ ಮೈದಾನಗಳಿಗೆ ನುಗ್ಗಿದರು. 1948-49ರ ಒಂದೇ ಸಾಲಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಟಿಕೆಟ್ ಹೋದವು. ಗಲ್ಲಾಪೆಟ್ಟಿಗೆ ತುಂಬಿತು, ಆದರೆ ಸಂಬಳದ ಮಿತಿ ಇದ್ದೇ ಇತ್ತು. ಪ್ರೆಸ್ಟನ್ ತಂಡದ ಟಾಮ್ ಫಿನ್ನಿ ಆ ಕಾಲದ ಅತ್ಯಂತ ದೊಡ್ಡ ಆಟಗಾರರಲ್ಲೊಬ್ಬ. ಅವನು ಆಟದ ಜೊತೆಗೆ ನಲ್ಲಿ, ಕೊಳಾಯಿ ರಿಪೇರಿಯ ಕೆಲಸವನ್ನೂ ಮಾಡುತ್ತಿದ್ದ. 1952ರಲ್ಲಿ ಇಟಲಿಯ ಪಲೆರ್ಮೋ ಕ್ಲಬ್ ಅವನನ್ನು ಹಲವು ಪಟ್ಟು ಹಣ ಕೊಟ್ಟು ಕರೆಯಿತು. ಪ್ರೆಸ್ಟನ್ ಬಿಡಲಿಲ್ಲ. ಅವನು ಸುಮ್ಮನೆ ವಾಪಸ್ಸು ಬಂದು ಅದೇ ಅಂಗಿ ತೊಟ್ಟು ಆಡಿದ. ಇದನ್ನು ನಿಷ್ಠೆ ಎಂದು ಹಾಡಿ ಹೊಗಳುವವರಿದ್ದಾರೆ. ಆದರೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಾಗ ಒಳಗೇ ಉಳಿದವನದು ನಿಷ್ಠೆಯೋ, ಸೆರೆಯೋ?

ಕೊನೆಗೆ 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ಎಂಬ ಆಟಗಾರನ ಮುಂದಾಳತನದಲ್ಲಿ ಸಂಘ ಮುಷ್ಕರಕ್ಕೆ ನಿಂತ ಮೇಲೆ ಆ ಮಿತಿ ಬಿದ್ದಿತು. ಆಗ ಅದು ವಾರಕ್ಕೆ 20 ಪೌಂಡ್ ಇತ್ತು. ಸ್ವಲ್ಪ ದಿನಕ್ಕೇ ಫುಲ್‌ಹ್ಯಾಮ್ ಕ್ಲಬ್ ತನ್ನ ಜಾನಿ ಹೇನ್ಸ್‌ಗೆ 100 ಪೌಂಡ್ ಕೊಟ್ಟಿತು. ಅಂದರೆ ಕೊಡುವ ಶಕ್ತಿ ಇತ್ತು. ಅರವತ್ತು ವರ್ಷ ಆ ಹಣ ಯಾರ ಜೇಬಿನಲ್ಲಿತ್ತು?

ಸಂಬಳದ ಮಿತಿ ಎಂದಾಗಲೆಲ್ಲ ನಮಗೆ ಒಂದು ಸಂಶಯ ಕಾಡುವುದುಂಟು. ಮಾಲೀಕ ಮಾಲೀಕನೊಡನೆ ಪೈಪೋಟಿಗೆ ಬಿದ್ದು ಬೆಲೆ ಏರಿಸುತ್ತಾನೆ. ಆಮೇಲೆ ತನ್ನ ಕೈಯನ್ನೇ ತಾನು ಹಿಡಿದುಕೊಳ್ಳಲಾಗದೆ, ನಮ್ಮೆಲ್ಲರ ಕೈಗೂ ಹಗ್ಗ ಕಟ್ಟಿ ಎಂದು ಕಾನೂನು ಕೇಳುತ್ತಾನೆ. ಆ ಹಗ್ಗದ ಇನ್ನೊಂದು ತುದಿ ಆಟಗಾರನ ಕೊರಳಲ್ಲಿರುತ್ತದೆ. 2020ರ ಆಗಸ್ಟ್‌ನಲ್ಲಿ, ಕೊರೋನಾ ಕಾಲದಲ್ಲಿ, ಇಂಗ್ಲೆಂಡಿನ ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ಕ್ಲಬ್‌ಗಳು ವರ್ಷದ ಒಟ್ಟು ಸಂಬಳಕ್ಕೆ ಕ್ರಮವಾಗಿ 25 ಲಕ್ಷ ಮತ್ತು 15 ಲಕ್ಷ ಪೌಂಡ್ ಮಿತಿ ಹಾಕಿಕೊಂಡವು. ಪ್ರೇಕ್ಷಕರಿಲ್ಲದ ಮೈದಾನಗಳು, ಬರಿಯ ಕತೆ ಕಣ್ಣ ಮುಂದೆ, ಸಂಕಟ ನಿಜವಾದದ್ದೇ. ಆದರೂ ಆಟಗಾರರ ಸಂಘದ ದೂರಿನ ಮೇಲೆ ಪಂಚಾಯ್ತಿ ಮಂಡಳಿ 2021ರ ಫೆಬ್ರವರಿಯಲ್ಲಿ ಅದನ್ನು ರದ್ದುಮಾಡಿತು. ಕ್ಲಬ್‌ಗಳ ಸಂಕಟ ಸುಳ್ಳು ಎಂದು ಆಟಗಾರರು ವಾದಿಸಿದ್ದಲ್ಲ. ನಮ್ಮ ಸಂಬಳದ ಮಾತನ್ನು ನಮ್ಮನ್ನು ಸರಿಯಾಗಿ ಕೂರಿಸಿಕೊಳ್ಳದೆ ಆಡಿದ್ದೇಕೆ ಎಂಬುದು ಅವರ ತಕರಾರು. ನಾವು ಅವರ ಪರ.

ನಮ್ಮ ಐಎಸ್‌ಎಲ್‌ನಲ್ಲೂ ತಂಡದ ಒಟ್ಟು ಸಂಬಳಕ್ಕೆ ಒಂದು ಮಿತಿ ಇದ್ದೇ ಇತ್ತು ಎಂಬುದನ್ನು ಹುಡುಗರು ಮರೆಯುತ್ತಾರೆ. ಮಿತಿ ಇದ್ದೂ ಲೀಗ್ ನಿಂತಿತು. ನಿಲ್ಲಿಸಿದ್ದು ಆಟಗಾರನ ದುಬಾರಿ ಸಂಬಳವಲ್ಲ, ಮುಗಿಯುವ ದಿನಾಂಕ ಹದಿನೈದು ವರ್ಷದಿಂದ ಗೊತ್ತಿದ್ದ ಒಂದು ಕಾಗದ. ಹಲ್ಲು ನೋವಿಗೆ ಕಾಲು ಕತ್ತರಿಸಿದರೆ ಹೇಗೆ?

ಇಲ್ಲಿ ನಮ್ಮದೇ ಒಂದು ಪ್ರಸಂಗ ಹೇಳಬೇಕು. ಬಹಳ ವರ್ಷಗಳ ಹಿಂದೆ ನಮ್ಮ ಕತೆಗಳನ್ನು ಪ್ರಕಟಿಸುತ್ತಿದ್ದ ಒಂದು ಸಣ್ಣ ಪತ್ರಿಕೆ ಕಷ್ಟಕ್ಕೆ ಬಿತ್ತು. ಸಂಪಾದಕರು ಕರೆದರು. ಮಾತಾಡಲಿಲ್ಲ, ಕಪಾಟಿನಿಂದ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ತೆಗೆದು ನಮ್ಮ ಮುಂದಿಟ್ಟರು. ಕಾಗದದ ಸಾಲ, ಅಂಚೆಯ ಖರ್ಚು, ಚಂದಾ ಬಾಕಿ, ಮೂರು ತಿಂಗಳಿಂದ ಅವರು ತಮ್ಮ ಹೆಸರಿನ ಎದುರು ಬರೆದುಕೊಂಡಿದ್ದ ಸೊನ್ನೆ. ನಾವು ಗೌರವಧನ ಬೇಡವೆಂದೆವು. ಆ ಮಾತು ಹೇಳಿದಾಗ ನಮಗೆ ನಮ್ಮ ಬಗ್ಗೆಯೇ ಬಹಳ ಅಭಿಮಾನವಾಯಿತು. ಮೆಟ್ಟಿಲಿಳಿದು ಬರುವಾಗ ಅಚ್ಚು ಜೋಡಿಸುವ ಹುಡುಗ ಸಿಕ್ಕ. ಅವನಿಗೂ ಅರ್ಧ ಸಂಬಳ. ಅವನ ಮುಂದೆ ಯಾರೂ ಪುಸ್ತಕ ಬಿಚ್ಚಿರಲಿಲ್ಲ. ನಮಗೆ ಶಾಲೆಯ ಕೆಲಸವಿತ್ತು, ತಿಂಗಳ ಮೊದಲ ದಿನ ಸಂಬಳ ಬರುತ್ತಿತ್ತು. ನಮ್ಮ ತ್ಯಾಗದಿಂದ ಮನೆಯಲ್ಲಿ ಒಂದು ರೊಟ್ಟಿಯೂ ಕಡಿಮೆಯಾಗಲಿಲ್ಲ. ಅವನ ಮನೆಯಲ್ಲಿ ಆಯಿತು. ಒಂದೇ ಪತ್ರಿಕೆ, ಒಂದೇ ಸಂಕಟ. ನಮಗೆ ಕೇಳಿದರು, ಅವನಿಗೆ ತಿಳಿಸಿದರು.

ಶೇಕಡಾ ಇಷ್ಟು ಇಳಿಸಿಕೊಳ್ಳಿ ಎಂದು ಇಡೀ ತಂಡಕ್ಕೆ ಒಂದೇ ಮಾತು ಹೇಳುವಾಗ ಆಗುವುದೂ ಇದೇ. ಸುನಿಲ್ ಛೇಟ್ರಿಯಂಥವರಿಗೆ ಅದೊಂದು ಸಂಖ್ಯೆ. ಇಡೀ ವರ್ಷ ಬೆಂಚಿನ ಮೇಲೆ ಕೂತು, ಒಮ್ಮೆಯಾದರೂ ಕರೆಯುತ್ತಾರೆಂದು ಬೂಟಿನ ದಾರ ಬಿಗಿದುಕೊಂಡೇ ಇರುವ ಎರಡನೆಯ ಗೋಲಿಗೆ ಅದು ಅಮ್ಮನ ಔಷಧಿ, ತಂಗಿಯ ಫೀಸು. ಇಳಿಸಲೇಬೇಕಾದರೆ ಮೇಲಿನಿಂದ ಹೆಚ್ಚು ಇಳಿಸಿ, ಕೆಳಗೆ ಒಂದು ಗೆರೆ ಎಳೆದು ಅದರಾಚೆ ಮುಟ್ಟಬೇಡಿ. ಇಳಿಸಿದ್ದನ್ನು ಸಾಲವೆಂದು ಬರೆದುಕೊಡಿ; ಟಿವಿಯ ಹಣ ಬಂದ ದಿನ ಮೊದಲ ಪಾಲು ಅದಕ್ಕೆ ಹೋಗಲಿ. ಎಲ್ಲಕ್ಕಿಂತ ಮೊದಲು ಪುಸ್ತಕ ಬಿಚ್ಚಿ. ಲೆಕ್ಕ ತೋರಿಸದೆ ಕೇಳುವ ತ್ಯಾಗಕ್ಕೆ ಉರ್ದುವಿನಲ್ಲಿ ಬೇರೆಯೇ ಪದವಿದೆ, ವಸೂಲಿ ಎಂದು.

ನಮ್ಮ ಬೆಂಗಳೂರಿನ ಹಳಬರಿಗೆ ಇನ್ನೊಂದು ಬಗೆಯ ಫುಟ್‌ಬಾಲ್ ಗೊತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದು ತಂದ ಕತೆಯನ್ನು ಹಿರಿಯರು ಹಬ್ಬದೂಟದ ಹಾಗೆ ನೆನೆಯುತ್ತಿದ್ದರು. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರರ ಜೊತೆಯಲ್ಲೇ ಪೆಲೆಯ ಪ್ರತಿಮೆಯೂ ಇದೆ. ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳ ಕಾಲ. ನಮ್ಮ ಗಲ್ಲಿಯ ಒಬ್ಬ ಚಾಚಾ ಹಾಗೆಯೇ ಒಂದು ಕಾರ್ಖಾನೆಗೆ ಆಡಿದವರು. ಮಧ್ಯಾಹ್ನದವರೆಗೆ ಯಂತ್ರ, ಆಮೇಲೆ ಮೈದಾನ. ದೊಡ್ಡ ಸಂಬಳವಲ್ಲ, ಮೊಣಕಾಲು ಮುರಿದ ಮೇಲೂ ಸ್ಟೋರಿನಲ್ಲಿ ಕುರ್ಚಿ ಸಿಕ್ಕಿತು, ಈಗ ಪಿಂಚಣಿ. ಆ ವ್ಯವಸ್ಥೆಯಲ್ಲಿ ಆಟ ಬೆಳೆಯಲಿಲ್ಲ ಎಂಬ ಟೀಕೆಯಲ್ಲಿ ನಿಜವಿದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಕುಣಿದವರಲ್ಲಿ ನಾವೂ ಇದ್ದೆವು. ಆದರೆ ಹುಡುಗರಿಗೆ ಕುರ್ಚಿ ಬಿಡಿ, ಕರಾರು ಹಿಡಿಯಿರಿ ಎಂದು ಕಲಿಸಿದ ಮೇಲೆ, ಕಷ್ಟ ಬಂದ ಮೊದಲ ದಿನ ಕರಾರನ್ನೇ ಹರಿದರೆ ಆ ಹುಡುಗ ಹೋಗುವುದೆಲ್ಲಿಗೆ?

2026ರ ಜನವರಿ 2ರಂದು ಛೇಟ್ರಿ, ಗುರುಪ್ರೀತ್, ಜಿಂಗನ್ ಮುಂತಾದವರು ಒಂದು ವಿಡಿಯೊದಲ್ಲಿ ಫಿಫಾಕ್ಕೆ ಮೊರೆಯಿಟ್ಟರು. ನಾಲ್ಕು ದಿನಕ್ಕೆ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗ್ ಎಂದು ಸಾರಿದರು. ಹದಿನಾಲ್ಕು ತಂಡಗಳು, ಒಬ್ಬರಿಗೊಬ್ಬರು ಒಂದೇ ಸಲ, ಒಟ್ಟು 91 ಪಂದ್ಯ. ಅದರ ಬೆನ್ನಿಗೇ ಪಂದ್ಯ ಕಡಿಮೆ, ಸಂಬಳವೂ ಕಡಿಮೆ ಮಾಡಿಕೊಳ್ಳಿ ಎಂಬ ಮಾತು ಕ್ಲಬ್‌ಗಳಿಂದ ಬಂತು. ಕೆಲವರು ಒಪ್ಪಿದರು.

ನಮ್ಮ ಚಾಚಾನ ಮೊಮ್ಮಗನೂ ಆಟಗಾರ. ಕೆಳಗಿನ ದರ್ಜೆಯ ಒಂದು ತಂಡದಲ್ಲಿದ್ದಾನೆ. ಅವನಿಗೂ ಒಂದು ಕಾಗದ ಬಂದಿತ್ತು, ಇಂಗ್ಲಿಷಿನಲ್ಲಿ. ಓದಿ ಹೇಳಿ ಎಂದು ನಮ್ಮಲ್ಲಿಗೆ ತಂದ. ಸಂಜೆಯವರೆಗೆ ಸಹಿ ಮಾಡಿ ಕಳಿಸಬೇಕಂತೆ. ಓದಿ ಹೇಳಿದೆವು. ಎಷ್ಟು ಇಳಿಯುತ್ತದೆ ಎಂದು ಅವನು ಕೇಳಲಿಲ್ಲ. "ನಾಯಕನಿಗೂ ಇದೇ ಕಾಗದ ಹೋಗಿದೆಯಾ?" ಎಂದು ಕೇಳಿದ. ಕಾಗದದಲ್ಲಿ ಅದು ಬರೆದಿರಲಿಲ್ಲ. ಪಕ್ಕದಲ್ಲಿದ್ದ ಚಾಚಾ ತಮ್ಮ ಜೇಬಿನಿಂದ ಪೆನ್ನು ತೆಗೆದರು, ಮೊಮ್ಮಗನಿಗೆ ಕೊಡಲಿಲ್ಲ, ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತರು.