ಬೆಣ್ಣಿಹಳ್ಳದ ದಡದಲ್ಲಿ

ಕಳೆದ ಶನಿವಾರ ಗೆಳೆಯರು ನಾಲ್ವರು ಹುಬ್ಬಳ್ಳಿಯಿಂದ ಯಮನೂರಿಗೆ ಹೋಗಿದ್ದೆವು. ಎರೆಹೊಲಗಳ ನಡುವೆ ಬೆಣ್ಣಿಹಳ್ಳ. ಅದರ ದಡದಲ್ಲಿ ಹಿಂದೂಗಳ ಚಾಂಗದೇವ, ಮುಸಲ್ಮಾನರ ರಾಜಾಬಾಗಸವಾರ. ಗದ್ದುಗೆ ಒಂದೇ, ಹೆಸರು ಎರಡು. ಹಳ್ಳದಲ್ಲಿ ಮಿಂದರೆ ಚರ್ಮರೋಗ ಹೋಗುವುದೆಂದು ಜನರ ನಂಬಿಗೆ.

ತಾಯಿಯೊಬ್ಬಳು ಮೈಯೆಲ್ಲ ಕಜ್ಜಿಯಾದ ಮಗುವನ್ನು ನೀರಿನಲ್ಲಿ ಮುಳುಗಿಸುತ್ತಿದ್ದಳು. ನಮ್ಮೊಳಗಿನ ವೈದ್ಯ, “ಇದಕ್ಕೆ ಮದ್ದುಂಟು, ಹೇಳಲೇ?” ಎಂದ. “ಅವಳ ನಂಬಿಗೆ ಕೆಡಿಸಬೇಡ” ಎಂದವನು ನಾನು. ಔದಾರ್ಯವೆಂದೇ ತಿಳಿದಿದ್ದೆ. ಬುತ್ತಿ ಬಿಚ್ಚಿದಾಗ ರೊಟ್ಟಿ ಗಂಟಲಿಗಿಳಿಯಲಿಲ್ಲ. ನನ್ನ ಮಗುವಾಗಿದ್ದರೆ ಸುಮ್ಮನಿರುತ್ತಿದ್ದೆನೆ? ಆಕೆಯನ್ನು ಗೌರವಿಸಿದೆನೋ, ತಿಳಿಹೇಳಲು ತಕ್ಕವಳಲ್ಲವೆಂದು ಮೊದಲೇ ತೀರ್ಪಿತ್ತೆನೋ?

ವೈದ್ಯ ಎದ್ದುಹೋಗಿ ಹೇಳಿಯೇಬಿಟ್ಟ. ಆಕೆ ಮಗುವಿನ ಮೈ ಒರೆಸುತ್ತ ಕೇಳಿಸಿಕೊಂಡಳು. “ಹರಕಿ ತೀರಿತ್ರಿ. ಇನ್ನ ಮುಲಾಮು ಬರದ ಕೊಡ್ರಿ” ಎಂದಳು.