ಉಪ್ಪಿನ ಮಿತಿಯೂ ಆಪದ್ಧರ್ಮವೂ

ವಾರವಿಡೀ ಮ್ಯಾಕರೋನಿ-ಚೀಸ್, ಒಟ್ಟು 46.67 ಪೊಟ್ಟಣ. ಖರ್ಚು 88.20 ಡಾಲರ್. ಜೀವಸತ್ವಗಳ ಲೆಕ್ಕವೆಲ್ಲ ಸರಿಯಾಗಿದೆ, ತಿನ್ನುವವರ ಪಾಡು ಮಾತ್ರ ಕೇಳಬೇಡಿ. ‘ಆಂಪಲ್’ ಎಂಬ ಗಣಿತ ಮಾದರಿ ಭಾಷೆಯ ಕೈಪಿಡಿಯಲ್ಲಿ ಬರುವ ಊಟದ ಲೆಕ್ಕವಿದು. 1985ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರಾಬರ್ಟ್ ಫೋರರ್, ಡೇವಿಡ್ ಗೇ, ಬ್ರಯಾನ್ ಕರ್ನಿಹ್ಯಾನ್ ರೂಪಿಸಿದ ಈ ಭಾಷೆಯಲ್ಲಿ ಗುರಿ ಯಾವುದು, ಕಟ್ಟುಪಾಡುಗಳು ಯಾವುವು ಎಂದು ಬರೆದುಕೊಟ್ಟರೆ ಸಾಕು; ಉತ್ತರ ಹುಡುಕುವುದು ಸಾಲ್ವರ್‌ನ ಕೆಲಸ.

ಒಂದೇ ತಿನಿಸು ಬೇಡವೆಂದು ಕೈಪಿಡಿ ಪ್ರತಿಯೊಂದಕ್ಕೂ ಕನಿಷ್ಠ 2, ಗರಿಷ್ಠ 10 ಪೊಟ್ಟಣದ ಮಿತಿ ಹಾಕುತ್ತದೆ. ಜೊತೆಗೆ ವಾರದ ಸೋಡಿಯಂ 40,000 ಮಿಲಿಗ್ರಾಂ ದಾಟಕೂಡದು. ಈಗ ಪರಿಹಾರವೇ ಇಲ್ಲ! ಒಂದು ‘ಲೆಟ್’ ಆಜ್ಞೆ ಸೋಡಿಯಂ ಮಿತಿಯನ್ನು 50,000ಕ್ಕೆ ಏರಿಸಿದ್ದೇ ತಡ, 118.06 ಡಾಲರಿನ ಊಟ ಸಿದ್ಧ. ಪಾಠದಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ರಕ್ತದೊತ್ತಡ ಇರುವವರ ತಟ್ಟೆಯಲ್ಲಿ ಹಾಗೆನ್ನಲಾಗದು.

ಕಟ್ಟುಪಾಡು ಮುರಿಯುವುದು ಯಾವಾಗ ಸರಿ ಎಂಬ ಪ್ರಶ್ನೆ ಹಳೆಯದು. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಭಾಗವಿದೆ. ಹನ್ನೆರಡು ವರ್ಷದ ಬರಗಾಲದಲ್ಲಿ ಹಸಿದ ವಿಶ್ವಾಮಿತ್ರ ಚಂಡಾಲನ ಮನೆಗೆ ರಾತ್ರಿ ನುಗ್ಗಿ ನಾಯಿಯ ಮಾಂಸ ಕದಿಯಲು ಹೋಗುತ್ತಾನೆ. ಎಚ್ಚರವಾಗಿಯೇ ಇದ್ದ ಮನೆಯವನು ಬೇಡವೆಂದು ವಾದಿಸುತ್ತಾನೆ. ಧರ್ಮ ಹೇಳಬೇಕಾದ ಋಷಿಗೇ ಅವನು ಧರ್ಮ ಹೇಳುತ್ತಾನೆ. ಬದುಕಿದ್ದರೆ ತಾನೇ ಧರ್ಮ ಎಂಬುದು ಋಷಿಯ ಪಟ್ಟು. ಕೊನೆಗೆ ಮಾಂಸ ಒಯ್ಯುತ್ತಾನೆ, ನಿಜ. ಆದರೆ ಕಥೆಯ ಜೀವ ಇರುವುದು ಆ ವಾಗ್ವಾದದಲ್ಲಿ.

ಆಂಪಲ್‌ನಲ್ಲೂ ‘ಡ್ರಾಪ್’ ಎಂದರೆ ಒಂದು ನಿರ್ಬಂಧ ಪಕ್ಕಕ್ಕೆ ಸರಿಯುತ್ತದೆ, ‘ರಿಸ್ಟೋರ್’ ಎಂದರೆ ಮರಳುತ್ತದೆ. ಒಬ್ಬರು ಕುಳಿತು ಟೈಪ್ ಮಾಡುವಾಗ ಕೈ ಒಂದು ಕ್ಷಣವಾದರೂ ತಡೆಯಬಹುದು. ದೊಡ್ಡ ಅಪ್ಲಿಕೇಶನ್‌ಗಳಲ್ಲಿ ಇವೇ ಆಜ್ಞೆಗಳು ಸ್ಕ್ರಿಪ್ಟ್‌ನ ಲೂಪಿನೊಳಗೆ ಕೂರುತ್ತವೆ: ಪರಿಹಾರ ಸಿಗದಿದ್ದರೆ ಇದನ್ನು ಬಿಡು, ಮತ್ತೆ ಬಿಡಿಸು. ಒಂದು ಸಮಸ್ಯೆಯ ಉತ್ತರವೇ ಇನ್ನೊಂದರ ದತ್ತಾಂಶವಾಗುವಂತೆ ಹೆಣೆಯಲೂಬಹುದು. ಅಲ್ಲಿ ವಾದಿಸಲು ಮನೆಯವನು ಎಚ್ಚರವಿರುವುದಿಲ್ಲ. ಆಪತ್ತು ಯಾವುದೆಂದು ಸ್ಕ್ರಿಪ್ಟ್ ಬರೆದವರು ಎಂದೋ ತೀರ್ಮಾನಿಸಿರುತ್ತಾರೆ, ಬಹುಶಃ ಯಾವುದೋ ಡೆಡ್‌ಲೈನಿನ ಗಡಿಬಿಡಿಯಲ್ಲಿ. ತಪ್ಪು ಭಾಷೆಯದಲ್ಲ, ಹೊಣೆಯನ್ನು ಲೂಪಿಗೆ ವಹಿಸಿ ಮರೆತವರದು.

ಹಾಗೆಂದು ಉಪಕರಣ ಕುರುಡೂ ಅಲ್ಲ. ಕೆಲವು ಸಾಲ್ವರ್‌ಗಳು ‘ಐಐಎಸ್’ ಎಂಬ ಸಫಿಕ್ಸ್‌ನ (ಹೆಸರಿಗೆ ಅಂಟಿಸುವ ಗುರುತಿನ) ಮೂಲಕ ಒಂದಕ್ಕೊಂದು ಹೊಂದದ ನಿರ್ಬಂಧಗಳ ಪುಟ್ಟ ಗುಂಪನ್ನು ಹೆಕ್ಕಿ ತೋರಿಸುತ್ತವೆ. ಆದರೆ ಬಾಯಿರುಚಿಗೆಂದು ಹಾಕಿದ ಮಿತಿ, ಆರೋಗ್ಯಕ್ಕೆಂದು ಹಾಕಿದ ಮಿತಿ ಎಂಬ ಭೇದ ಆ ಪಟ್ಟಿಗೆ ಗೊತ್ತಿಲ್ಲ.