ಓದಿ ಹೇಳುವುದು ಕೊಂಡವರ ಕೆಲಸ

ಹೊಸ ಬೆಡ್‌ಶೀಟ್ ಮನೆಗೆ ಬಂದ ಕೂಡಲೇ ಅನೇಕರು ಕತ್ತರಿ ಹುಡುಕುತ್ತಾರೆ. ಮೂಲೆಯಲ್ಲಿ ಹೊಲಿದಿರುವ ಬಿಳಿ ಪಟ್ಟಿ ಮಲಗಿದಾಗ ಚುಚ್ಚುತ್ತದೆ, ಅದಕ್ಕೆ ಕತ್ತರಿಸಿ ಎಸೆಯುತ್ತಾರೆ. ಚುಚ್ಚುವುದು ನಿಜ. ಆದರೆ ಎಸೆಯುವ ಮುಂಚೆ ಅದರ ಮೇಲೆ ಏನಿದೆ ಎಂದು ನೋಡುವವರು ಕಡಿಮೆ. ಕೆಲವು ತಿಂಗಳು ಕಳೆದು ಹೊದಿಕೆ ಕುಗ್ಗಿದಾಗ, ಬಣ್ಣ ಬಿಟ್ಟಾಗ, ರಜಾಯಿಯ ಒಳಗಿನ ಹತ್ತಿ ಗಂಟುಗಂಟಾದಾಗ ತಪ್ಪು ಯಾರದ್ದು ಎಂಬ ವಿಚಾರಣೆ ಶುರುವಾಗುತ್ತದೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಇದ್ದರೆ ವಿಚಾರಣೆ ಬೇಗ ಮುಗಿಯುತ್ತದೆ. “ಬಿಸಿನೀರಿಗೆ ಹಾಕು ಅಂತ ನಿಂಗೆ ಯಾರು ಹೇಳಿದ್ರು?” ಹಾಕಬೇಡ ಎಂದೂ ಆಕೆಗೆ ಯಾರೂ ಹೇಳಿರುವುದಿಲ್ಲ.

ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಆ ಕೆಲಸಕ್ಕೆ ಬೇಕಾದ ತಿಳಿವಳಿಕೆಯನ್ನು ನಾವೇ ಕಸದ ಬುಟ್ಟಿಗೆ ಹಾಕುವುದು ಸಣ್ಣ ಮರೆವಲ್ಲ, ನಡತೆಯ ದೋಷ. ಅದನ್ನು ತಿದ್ದಿಕೊಳ್ಳಲು ಹೆಚ್ಚೇನೂ ಬೇಡ. ಆ ಪಟ್ಟಿಯ ಮೇಲಿರುವುದು ಐದೇ ಐದು ಚಿತ್ರ: ನೀರಿನ ತೊಟ್ಟಿ, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ, ವೃತ್ತ. ಒಗೆಯುವುದು, ಬ್ಲೀಚ್ ಹಾಕುವುದು, ಒಣಗಿಸುವುದು, ಇಸ್ತ್ರಿ ಮಾಡುವುದು, ಅಂಗಡಿಯಲ್ಲಿ ಡ್ರೈಕ್ಲೀನ್ ಮಾಡಿಸುವುದು ಎಂಬ ಐದು ಕೆಲಸಕ್ಕೆ ಐದು ಚಿತ್ರ. ಯಾವುದರ ಮೇಲೆ ಅಡ್ಡಗೆರೆಗಳ ಗುಣಿಸು ಗುರುತು ಇದೆಯೋ ಆ ಕೆಲಸ ಕೂಡದು.

ಇವನ್ನು ಚಿತ್ರಗಳಾಗಿಯೇ ಇಟ್ಟದ್ದರ ಹಿಂದೆ ಒಂದು ಯೋಚನೆ ಇದೆ. ಎರಡನೇ ಮಹಾಯುದ್ಧದ ನಂತರ ನೈಲಾನ್, ಪಾಲಿಯೆಸ್ಟರ್‌ನಂಥ ಹೊಸ ನೂಲುಗಳು ಮನೆಮನೆಗೆ ಬಂದವು. ಹತ್ತಿ, ಉಣ್ಣೆಗಳನ್ನು ಒಗೆದು ಪಳಗಿದ ಕೈಗಳಿಗೆ ಇವು ಹೊಸವು. ಬಟ್ಟೆ ಒಂದು ದೇಶದಲ್ಲಿ ತಯಾರಾಗಿ ಇನ್ನೊಂದು ದೇಶದಲ್ಲಿ ಮಾರಾಟವಾಗುತ್ತಿತ್ತು. ಯಾವ ಭಾಷೆಯಲ್ಲಿ ಸೂಚನೆ ಬರೆಯುವುದು? ಯುರೋಪಿನ ಕೆಲವು ದೇಶಗಳವರು ಭಾಷೆಯೇ ಬೇಡವೆಂದು ತೀರ್ಮಾನಿಸಿದರು. 1963ರಲ್ಲಿ ಪ್ಯಾರಿಸ್‌ನಲ್ಲಿ ಗಿನೆಟೆಕ್ಸ್ ಎಂಬ ಸಂಸ್ಥೆ ಹುಟ್ಟಿತು. ಅದರ ಗುರುತುಗಳೇ ಮುಂದೆ ಐಎಸ್‌ಒ 3758 ಎಂಬ ಅಂತರರಾಷ್ಟ್ರೀಯ ಮಾನದಂಡವಾದವು. ಬಹುಕಾಲ ತನ್ನದೇ ಗುರುತುಗಳನ್ನು ಬಳಸುತ್ತಿದ್ದ ಜಪಾನ್ ಕೂಡ 2016ರ ಡಿಸೆಂಬರಿನಲ್ಲಿ ಇವುಗಳಿಗೆ ಬದಲಾಯಿತು.

ಅಂದರೆ ಇಂಗ್ಲಿಷ್ ಬಾರದವರಿಗೆ, ಅಕ್ಷರವೇ ಬಾರದವರಿಗೆ ಕೂಡ ಈ ಪಟ್ಟಿ ಓದಲು ಸಾಧ್ಯ. ಗುರುತು ನೋಡಿ ಬಟ್ಟೆ ತಿಳಿಯುವುದು ನಮ್ಮ ಮಡಿವಾಳರಿಗೆ ಹೊಸದೂ ಅಲ್ಲ. ಕೇರುಬೀಜದ ರಸದಿಂದ ಬಟ್ಟೆಯ ಅಂಚಿನಲ್ಲಿ ಮನೆಗೊಂದರಂತೆ ಗುರುತು ಹಾಕಿ, ರಾಶಿ ಬಟ್ಟೆಯಲ್ಲಿ ಯಾವ ಪಂಚೆ ಯಾರದೆಂದು ತಪ್ಪದೆ ಹೇಳುತ್ತಿದ್ದವರು ಅವರು. ಎಷ್ಟು ಒಗೆದರೂ ಆ ಗುರುತು ಹೋಗುತ್ತಿರಲಿಲ್ಲ. “ಅವರಿಗೆ ಹೇಳಿದರೆ ಅರ್ಥವಾಗೊಲ್ಲ” ಎನ್ನುವವರು ಒಮ್ಮೆ ಈ ಐದು ಚಿತ್ರಗಳನ್ನು ತೋರಿಸಿ ನೋಡಲಿ.

ತೊಟ್ಟಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಒಳಗೆ 60 ಎಂದಿದ್ದರೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲೇ ಒಗೆಯಬೇಕೆಂದು ತಿಳಿಯುತ್ತಾರೆ. ಹಾಗಲ್ಲ. ಅದು ಮೇಲಿನ ಮಿತಿ. ಅದಕ್ಕಿಂತ ಬಿಸಿ ಬೇಡ ಎಂದಷ್ಟೇ ಅರ್ಥ. ತಣ್ಣೀರಿನಲ್ಲಿ ಒಗೆದರೆ ಬಟ್ಟೆಗೆ ಏನೂ ಆಗುವುದಿಲ್ಲ. ಪಟ್ಟಿಯ ಮೇಲಿನ ಎಲ್ಲ ಗುರುತುಗಳೂ ಹೀಗೆಯೇ, ಬಟ್ಟೆ ಎಷ್ಟರ ಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದನ್ನು ಹೇಳುತ್ತವೆ. ಎಷ್ಟು ಬೇಕು ಎನ್ನುವುದನ್ನು ನಿರ್ಧರಿಸುವವರು ನಾವು. ಮನೆಯಲ್ಲಿ ಯಾರಿಗಾದರೂ ಧೂಳಿನ ಅಲರ್ಜಿ, ಉಬ್ಬಸ ಇದ್ದರೆ ದಿಂಬಿನ ಕವರು, ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಲ್ಲೇ ಒಗೆಯುವುದು ಒಳ್ಳೆಯದು, ಏಕೆಂದರೆ ಹಾಸಿಗೆಯಲ್ಲಿರುವ ಕಣ್ಣಿಗೆ ಕಾಣದ ಧೂಳುನುಸಿಗಳು ಆ ಬಿಸಿಗೆ ಸಾಯುತ್ತವೆ. ಅಂಥ ಮನೆಯವರು ಕೊಳ್ಳುವಾಗಲೇ 60 ಎಂಬ ಅಂಕಿ ಇರುವ ಹತ್ತಿ ಬಟ್ಟೆ ಆರಿಸಬೇಕು. ಅಂಗಡಿಯಲ್ಲಿ ಬಣ್ಣ, ಹೂವು, ಬೆಲೆ ಎಲ್ಲ ನೋಡುತ್ತೇವೆ. ಈ ಅಂಕಿ ನೋಡುವುದೂ ಅಭ್ಯಾಸವಾಗಲಿ. ಮೇಲಿನಿಂದ ಬಟ್ಟೆ ತುಂಬುವ ಎಷ್ಟೋ ಮೆಷಿನ್‌ಗಳಲ್ಲಿ ನೀರು ಕಾಯಿಸುವ ಹೀಟರ್ ಇರುವುದಿಲ್ಲ ಎಂಬುದೂ ನೆನಪಿರಲಿ. ನಲ್ಲಿಯಲ್ಲಿ ಎಂಥ ನೀರು ಬರುತ್ತದೋ ಅದರಲ್ಲೇ ಒಗೆಯುತ್ತವೆ.

ತೊಟ್ಟಿಯ ಕೆಳಗೆ ಒಂದು ಗೆರೆ ಇದ್ದರೆ ಮೆಷಿನ್ ಮೃದುವಾಗಿ ತಿರುಗಲಿ ಎಂದು, ಎರಡಿದ್ದರೆ ಇನ್ನೂ ಮೃದುವಾಗಿ. ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು. ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಶೀಟುಗಳಲ್ಲಿ ಅಂಕಿಯ ಬದಲು ಚುಕ್ಕಿ ಇರಬಹುದು: ಒಂದಕ್ಕೆ 30 ಡಿಗ್ರಿ, ಎರಡಕ್ಕೆ 40, ಮೂರಕ್ಕೆ 50.

ಹೆಚ್ಚು ಹಾನಿಯಾಗುವುದು ತ್ರಿಕೋನವನ್ನು ನೋಡದೆ. ಖಾಲಿ ತ್ರಿಕೋನವಾದರೆ ಯಾವ ಬ್ಲೀಚ್ ಆದರೂ ಸರಿ. ಒಳಗೆ ಎರಡು ಓರೆ ಗೆರೆಗಳಿದ್ದರೆ ಕ್ಲೋರಿನ್ ಇಲ್ಲದ ಬ್ಲೀಚ್ ಮಾತ್ರ. ನಮ್ಮಲ್ಲಿ ಬಚ್ಚಲಿಗೂ ಬಿಳಿ ಬಟ್ಟೆಗೂ ಒಂದೇ ಬ್ಲೀಚಿಂಗ್ ಪೌಡರ್ ಬಳಸುವ ಮನೆಗಳಿವೆ. ಅದರಲ್ಲಿರುವುದು ಕ್ಲೋರಿನ್. ಬಿಳಿ ಹತ್ತಿಬಟ್ಟೆ ಅದನ್ನು ಹದವಾಗಿ ತಾಳುತ್ತದೆ. ಉಣ್ಣೆ, ರೇಷ್ಮೆಗಳು ಪ್ರೋಟೀನಿನ ಎಳೆಗಳಾದ್ದರಿಂದ ಹಳದಿಗಟ್ಟಿ, ಸವೆದು ಹಾಳಾಗುತ್ತವೆ.

ಚೌಕದೊಳಗೆ ವೃತ್ತವಿದ್ದರೆ ಅದು ಬಟ್ಟೆ ಒಣಗಿಸುವ ಡ್ರೈಯರ್ ಮೆಷಿನ್ನಿನ ಗುರುತು. ನಮ್ಮ ಬಹುಪಾಲು ಮನೆಗಳಿಗೆ ಬೇಕಾದದ್ದು ಗೆರೆಗಳಿರುವ ಚೌಕ. ನಿಂತ ಗೆರೆ ಇದ್ದರೆ ಹಗ್ಗದ ಮೇಲೆ, ಮಲಗಿದ ಗೆರೆ ಇದ್ದರೆ ಹರಡಿ, ಎಡಮೂಲೆಯಲ್ಲಿ ಓರೆ ಗೆರೆ ಇದ್ದರೆ ನೆರಳಿನಲ್ಲಿ ಒಣಗಿಸಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಗಾಢ ಬಣ್ಣದ ಹೊದಿಕೆ ಹಾಕುವವರು ಈ ಕೊನೆಯದನ್ನು ಮರೆಯಬಾರದು. ಇಸ್ತ್ರಿಪೆಟ್ಟಿಗೆಯ ಚುಕ್ಕಿಗಳು ಸುಲಭ: ಒಂದು ಎಂದರೆ ಕಡಿಮೆ ಬಿಸಿ, ಮೂರು ಎಂದರೆ ಸುಮಾರು 200 ಡಿಗ್ರಿ. ಎಷ್ಟೋ ಇಸ್ತ್ರಿಪೆಟ್ಟಿಗೆಗಳ ತಿರುಗುಗುಂಡಿಯ ಮೇಲೂ ಅವೇ ಚುಕ್ಕಿಗಳಿವೆ. ವೃತ್ತದೊಳಗಿನ ಇಂಗ್ಲಿಷ್ ಅಕ್ಷರಗಳು ಡ್ರೈಕ್ಲೀನಿಂಗ್ ಅಂಗಡಿಯವರಿಗೆ. ಬಟ್ಟೆ ಕೊಡುವಾಗ ಪಟ್ಟಿಯನ್ನು ಅವರಿಗೆ ತೋರಿಸಿದರೆ ಸಾಕು.

ಪಟ್ಟಿಯೇ ಇಲ್ಲದ ಹಾಸಿಗೆ ಹೊದಿಕೆಗಳೂ ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಪಟ್ಟಿ ಓದುವ ಅಭ್ಯಾಸ ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ. ಉತ್ತರ ಕರ್ನಾಟಕದ ಕೌದಿಯನ್ನೇ ತೆಗೆದುಕೊಳ್ಳಿ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಎಲ್ಲ ಸೇರಿ ಒಂದು ಕೌದಿ. ಕಾರ್ಖಾನೆಯವರು ಪಟ್ಟಿ ಬರೆಯುವಾಗ ಪಾಲಿಸುವ ನಿಯಮವನ್ನೇ ಇಲ್ಲಿ ನಾವು ಪಾಲಿಸಬೇಕು: ಇಡೀ ವಸ್ತುವಿನಲ್ಲಿ ಎಲ್ಲಕ್ಕಿಂತ ನಾಜೂಕಾದ ತುಂಡು ಯಾವುದೋ ಅದಕ್ಕೆ ತಕ್ಕಂತೆ ಒಗೆಯುವುದು. ಮೂವತ್ತು ತುಂಡು ಗಟ್ಟಿ ಹತ್ತಿಯದಾಗಿದ್ದು ಒಂದೇ ತುಂಡು ಹಳೆಯ ರೇಷ್ಮೆ ಆಗಿದ್ದರೆ, ರೇಷ್ಮೆಯ ಮಾತೇ ನಡೆಯಬೇಕು. ಬಣ್ಣ ಬಿಡುವ ಅನುಮಾನವಿದ್ದರೆ ಒಂದು ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆ ಒತ್ತಿ ನೋಡಿ.

ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿಗೂ ಪಟ್ಟಿ ಇಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿಗೆ ಇರುವಂತೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಕೊಡವಿ, ಗಾಳಿಗೆ ಹಾಕಿ, ತೀರಾ ಬೇಕಾದಾಗ ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯುವುದೇ ಸರಿ. ಬೂರುಗದ ಹತ್ತಿಯ ದಿಂಬನ್ನು ನೀರಿಗೆ ಹಾಕಲೇಬಾರದು. ಕವರು ಒಗೆದು, ದಿಂಬನ್ನು ಬಿಸಿಲಿಗಿಟ್ಟು ಬಡಿದರಾಯಿತು. ಇದೆಲ್ಲ ನಮ್ಮ ಹಿರಿಯರಿಗೆ ಗೊತ್ತಿದ್ದದ್ದು. ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಆ ತಿಳಿವಳಿಕೆ ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ ಕಲಿಸಿ. ಹಾಸ್ಟೆಲಿಗೆ ಹೊರಟ ಹುಡುಗನ ಚೀಲದಲ್ಲಿ ಹೊದಿಕೆ ಇಡುವಾಗ ಪಟ್ಟಿಯನ್ನು ಅವನ ಬಾಯಲ್ಲೇ ಓದಿಸಿ.

ಪಟ್ಟಿ ಚುಚ್ಚುತ್ತದೆ ಎನ್ನುವವರು ಕತ್ತರಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಲಿ, ಜೊತೆಗೆ ಹೊದಿಕೆಯ ಫೋಟೋ ಕೂಡ. ಇಲ್ಲದಿದ್ದರೆ ಯಾವ ಪಟ್ಟಿ ಯಾವುದರದ್ದೆಂದು ಆಮೇಲೆ ತಿಳಿಯುವುದಿಲ್ಲ. ಐದು ಚಿತ್ರಗಳನ್ನು ಒಂದು ಹಾಳೆಯಲ್ಲಿ ಬರೆದು ವಾಷಿಂಗ್ ಮೆಷಿನ್ ಇರುವ ಗೋಡೆಗೆ ಅಂಟಿಸಿ. ಮನೆಗೆಲಸದವರು “ಅಕ್ಕಾ, ಈ ರಜಾಯಿ ಮೆಷಿನ್‌ಗೆ ಹಾಕ್ಲಾ?” ಎಂದು ಕೇಳಿದರೆ, ಅಡುಗೆಮನೆಯಿಂದಲೇ “ಹಾಕು ಹಾಕು” ಎನ್ನದೆ, ಕೈ ಒರೆಸಿಕೊಂಡು ಬಂದು ಅವರ ಜೊತೆ ನಿಂತು ಪಟ್ಟಿ ನೋಡಿ. ಒಂದು ನಿಮಿಷದ ಕೆಲಸ. ಇಷ್ಟಾದ ಮೇಲೂ ಬಟ್ಟೆ ಹಾಳಾದರೆ ಮಾತಾಡಿ ಬಗೆಹರಿಸಿಕೊಳ್ಳಬಹುದು. ಆದರೆ ನಾವು ಓದದ, ಅವರಿಗೆ ಹೇಳದ ಸೂಚನೆಯ ಹೆಸರಿನಲ್ಲಿ ಅವರ ಸಂಬಳದಿಂದ ಒಂದು ರೂಪಾಯಿಯನ್ನೂ ದಯವಿಟ್ಟು ಹಿಡಿಯಬೇಡಿ.